ಕಿವಿಗೆ ಕಿಂಡಿ ಬಿಟ್ಟ ಟೋಪಿ

"ತಿರುಗಿ ನಿಂತ್ಕೊ. ನನ್ನ ಕಡೆ ನೋಡ್ಬಾರ್ದು."

ಬೆಳಗಿನ ಆರೂಕಾಲು. ಕೊಟ್ಟಿಗೆಹಾರದಲ್ಲಿ ಮಂಜು ಇನ್ನೂ ನೆಲ ಬಿಟ್ಟು ಎದ್ದಿಲ್ಲ. ಚಾರ್ಮಾಡಿ ಘಾಟಿ ಹತ್ತಿ ಬಂದ ಲಾರಿಗಳು ದೀಪ ಹಾಕಿಕೊಂಡೇ ನಿಂತಿವೆ. ಹೋಟೆಲಿನ ಒಲೆಯ ಹೊಗೆ ಯಾವುದು, ಮಂಜು ಯಾವುದು ಎಂದು ಹೇಳುವುದು ಕಷ್ಟ. ಜಯದೇವಪ್ಪನವರ ಅಂಗಡಿಯ ಜಗಲಿ ಮುಂದೆ ಯೋಗೇಶ್ ರಸ್ತೆಗೆ ಮುಖ ಮಾಡಿ, ಮೇಷ್ಟ್ರು ನಿಲ್ಲಿಸಿದ ಹುಡುಗನ ಹಾಗೆ ನಿಂತಿದ್ದಾನೆ. ಮೂವತ್ತೆರಡು ದಾಟಿದ, ಇಬ್ಬರು ಮಕ್ಕಳ ತಂದೆ. ಹತ್ತಿರದ ಎಸ್ಟೇಟಿನಲ್ಲಿ ಕಾಫಿ ಹಣ್ಣು ಕೊಯ್ದು ಮೂಟೆ ಹೊರುವ ಕೆಲಸ.

ಅವನ ಹಿಂದೆ ನಿಂತವರು ಮರಿಯಮ್ಮ. ವಯಸ್ಸು ಐವತ್ತೆಂಟು, ಎತ್ತರ ಅವನ ಭುಜದಷ್ಟು. ಕೈಯಲ್ಲಿ ಹೊಸದಾಗಿ ಹೆಣೆದ ಹಸಿರು ಉಲ್ಲನ್ ಟೋಪಿ. ಹಣೆ, ಕತ್ತು, ಗಲ್ಲವನ್ನೆಲ್ಲ ಮುಚ್ಚುವ ಟೋಪಿಯೇ ಸರಿ, ಆದರೆ ಎರಡೂ ಕಿವಿಯ ಜಾಗದಲ್ಲಿ ಕಾಫಿ ಲೋಟದ ಬಾಯಿಯಷ್ಟಗಲ ಬಿಳಿ ನೂಲಿನ ಜಾಲರಿ. ಚೊಂಬಿನ ನೀರಿಗೆ ಬೆರಳು ಅದ್ದಿ ಆ ಜಾಲರಿಯನ್ನು ಒದ್ದೆ ಮಾಡಿ, ಮರಿಯಮ್ಮ ಟೋಪಿಯನ್ನು ಅವನ ತಲೆಗೆ ತೊಡಿಸುತ್ತಾರೆ.

"ಮರಿಯಕ್ಕ, ಐಸ್ ಇಟ್ಟಂಗಾಯ್ತು ಮಾರಾಯ್ರೆ," ಎಂದು ಯೋಗೇಶ್ ಕತ್ತು ಕುಗ್ಗಿಸುತ್ತಾನೆ.

"ಮಂಜಲ್ಲಿ ಹೋದ್ರೆ ಒದ್ದೆ ಆಗ್ದೇ ಇರುತ್ತಾ? ಒದ್ದೆ ಆದಾಗ್ಲೂ ಕೇಳ್ಬೇಕು. ಮೊದ್ಲು ಆ ವೈರು ತೆಗ್ದು ಜೇಬಿಗೆ ಹಾಕು."

ವೈರು ಎಂದರೆ ಕೊರಳಲ್ಲಿ ನೇತಾಡುವ ಇಯರ್‌ಫೋನು. ಅವನು ಅದನ್ನು ಜೇಬಿಗೆ ತುರುಕುತ್ತಾನೆ. ಮರಿಯಮ್ಮ ಹನ್ನೆರಡು ಹೆಜ್ಜೆ ಹಿಂದಕ್ಕೆ ನಡೆದು, ಸೊಂಟಕ್ಕೆ ಸಿಕ್ಕಿಸಿದ ಹಳೆಯ ಎಲೆಅಡಿಕೆ ಚೀಲದಿಂದ ತೋಟದ ಸಿಲ್ವರ್ ಓಕ್ ಮರದ ಒಣ ಕಡ್ಡಿಯೊಂದನ್ನು ತೆಗೆದು ಪಟ್ಟನೆ ಮುರಿಯುತ್ತಾರೆ. ಯೋಗೇಶ್ ಕೈ ಎತ್ತುತ್ತಾನೆ. ಇನ್ನೂ ಸಣ್ಣ ಕಡ್ಡಿ. ಮತ್ತೆ ಕೈ ಎತ್ತುತ್ತಾನೆ. ಸುಳ್ಳೇ ಕೈ ಎತ್ತುವ ಚಾಲಾಕಿಗಳೂ ಇರುತ್ತಾರಾದ್ದರಿಂದ ಮೂರನೆಯ ಸಲ ಮರಿಯಮ್ಮ ಏನನ್ನೂ ಮುರಿಯದೆ ಅರ್ಧ ನಿಮಿಷ ಸುಮ್ಮನೆ ನಿಲ್ಲುತ್ತಾರೆ. ಯೋಗೇಶನ ಕೈ ಕೆಳಗೇ ಇರುತ್ತದೆ. ಪಾಸು.

"ನನ್ನ ಅಂಗಡಿ ಟೋಪಿ ತಗೊಂಡ್ರೆ ದುಡ್ಡು ಕೊಟ್ಟು ಹೋಗ್ತಾ ಇರಬಹುದು. ಮರಿಯಕ್ಕನ ಟೋಪಿಗೆ ಎಸೆಸೆಲ್ಸಿ ಪರೀಕ್ಷೆ ಬರೀಬೇಕು," ಎಂದು ಜಯದೇವಪ್ಪ ಒಳಗಿನಿಂದ ನಗೆಯಾಡುತ್ತಾರೆ. ಅವರ ಅಂಗಡಿಯ ಬಾಗಿಲಿಗೆ ಕಾರ್ಖಾನೆಯ ಮಂಕಿ ಕ್ಯಾಪುಗಳು ಸಾಲಾಗಿ ತೂಗುತ್ತಿವೆ. ಅದೇ ಬಾಗಿಲ ಪಕ್ಕದಲ್ಲಿ ಮರಿಯಮ್ಮನಿಗೆ ಕೂರಲು ಸ್ಟೂಲು ಕೊಟ್ಟವರೂ ಅವರೇ.

ಪರೀಕ್ಷೆಯ ಕೊನೆಯ ಭಾಗವೊಂದು ಬಾಕಿ ಇದೆ. ಅದು ನಡೆಯುವುದು ಗಿರಾಕಿ ಹೊರಟ ಮೇಲೆ. ಟೋಪಿ ಹಾಕಿಕೊಂಡು ಅವನು ಒಂದಷ್ಟು ದೂರ ನಡೆದಾಗ ಮರಿಯಮ್ಮ ಕುಳಿತಲ್ಲಿಂದಲೇ ಅವನ ಹೆಸರು ಹಿಡಿದು ಕರೆಯುತ್ತಾರೆ. ಕೂಗುವುದಿಲ್ಲ. ಅಡುಗೆಮನೆಯಿಂದ ಜಗಲಿಯಲ್ಲಿದ್ದವರನ್ನು ಕರೆಯುವಷ್ಟೇ ದನಿ. ಅವನು ತಿರುಗಿ "ಎಂತ ಅಕ್ಕಾ?" ಎನ್ನಬೇಕು. "ಎಂತ ಇಲ್ಲ, ಹೋಗು," ಎಂದು ಇವರು ಕೈ ಬೀಸಬೇಕು. ಊರಿಗೆಲ್ಲ ಗೊತ್ತಿರುವ ಪದ್ಧತಿ ಇದು. ಯೋಗೇಶ್ ಸದ್ಯಕ್ಕೆ ಜೊತೆಯವರಿಗೆ ಕಾಯುತ್ತ ಎದುರಿನ ಹೋಟೆಲಿಗೆ ನೀರ್‌ದೋಸೆ ತಿನ್ನಲು ಹೋಗಿದ್ದಾನೆ. ಅವನು ಹೊರಡುವುದು ಏಳು ಗಂಟೆಗೆ.

ಈ ಸೀಮೆಯ ತೋಟಗಳಲ್ಲಿ ಆನೆ ಈಗ ನೆಂಟನಲ್ಲ, ಒಕ್ಕಲು. ಎಲ್ಲೋ ಕಾಡಿನಿಂದ ದಾರಿ ತಪ್ಪಿ ಬರುತ್ತಿದ್ದ ಕಾಲ ಹೋಯಿತು. ಕಾಫಿ ಗಿಡಗಳ ನಡುವೆಯೇ ಮಲಗಿ, ಅಲ್ಲೇ ಮರಿ ಹಾಕಿ, ಹಲಸು ಬಾಳೆ ತಿಂದುಕೊಂಡು ಇವೆ. ಆನೆ ಬಂದಿದೆ ಎಂದು ಮೊಬೈಲಿಗೆ ಮೆಸೇಜು ಬರುತ್ತದೆ, ಬರುವಾಗ ಬರುತ್ತದೆ. ತೋಟದೊಳಗಿನ ಮಂಜಿನಲ್ಲಿ ಐದು ಮಾರು ದೂರದ್ದು ಕಾಣುವುದಿಲ್ಲ. ಅಷ್ಟು ದೊಡ್ಡ ದೇಹ ನಡೆದು ಬಂದರೂ ಹೆಜ್ಜೆ ಸಪ್ಪಳವಿಲ್ಲ. ಎಲ್ಲೋ ಒಂದು ಒಣ ಕಡ್ಡಿ ಮುರಿದರೆ ಅದೇ ಸುಳಿವು. ಬೆಳಿಗ್ಗೆ ತೋಟಕ್ಕೆ ನಡೆದು ಹೋಗುವವರ ಜೀವ ಇರುವುದು ಕಣ್ಣಲ್ಲಲ್ಲ, ಕಿವಿಯಲ್ಲಿ.

ಮರಿಯಮ್ಮನ ಗಂಡ ಗುರುವಯ್ಯ ಐದು ವರ್ಷದ ಹಿಂದೆ ಇಂಥದೇ ಜನವರಿಯ ಬೆಳಿಗ್ಗೆ ತೋಟಕ್ಕೆ ಹೊರಟವರು ಮರಳಲಿಲ್ಲ. ಜೊತೆಯಲ್ಲಿದ್ದವರು ಸುಬ್ಬಣ್ಣ. ಅವರೀಗ ಕೆಲಸ ಬಿಟ್ಟಿದ್ದಾರೆ. ದಿನಾ ಬೆಳಿಗ್ಗೆ ಬಂದು ಈ ಜಗಲಿಯ ಇನ್ನೊಂದು ತುದಿಯಲ್ಲಿ ಟೀ ಲೋಟ ಹಿಡಿದು ಕೂರುತ್ತಾರೆ.

"ಕಡ್ಡಿ ಮುರಿದದ್ದು ನಂಗೆ ಕೇಳ್ತು," ಎನ್ನುತ್ತಾರೆ ಸುಬ್ಬಣ್ಣ. "ಗುರುವಣ್ಣ ನನ್ನಿಂದ ಮುಂದಿದ್ದ. ಕೂಗ್ದೆ. ಅವ ನಡೀತಾನೇ ಇದ್ದ, ಏನೂ ಆಗ್ದೇ ಇದ್ದಂಗೆ. ಮತ್ತೆ ಕೂಗ್ದೆ. ಆಮೇಲೆ ನಾನು ಓಡ್ದೆ. ಓಡಿದ್ದು ಓಡಿದ್ದೇ, ಸುಳ್ಳು ಎಂತಕ್ಕೆ ಹೇಳ್ಲಿ."

ಗುರುವಯ್ಯನ ತಲೆಯ ಮೇಲಿದ್ದದ್ದು ಮರಿಯಮ್ಮ ಹೆಣೆದ ಟೋಪಿ. ಅವತ್ತು ಹೊಸದಾಗಿ ಹಾಕಿಕೊಂಡದ್ದು. ಅದಕ್ಕೆ ಕಿಂಡಿ ಇರಲಿಲ್ಲ.

ಮರಿಯಮ್ಮ ಹೆಣಿಗೆ ಕಲಿತದ್ದು ಕುದುರೆಮುಖದಲ್ಲಿ, ಅದಿರಿನ ಕಂಪನಿ ಇನ್ನೂ ನಡೆಯುತ್ತಿದ್ದಾಗ. ಗುರುವಯ್ಯ ಅಲ್ಲಿ ದಿನಗೂಲಿ, ಇವರು ಆಫೀಸರುಗಳ ಕ್ವಾರ್ಟರ್ಸಿನಲ್ಲಿ ಮನೆಗೆಲಸ. ಉತ್ತರದ ಕಡೆಯ ಮೇಡಂ ಒಬ್ಬರು ಆರು ತಿಂಗಳ ಮಳೆಗೆ ಬೇಸತ್ತು, ಮಾತಿಗೆ ಯಾರೂ ಸಿಗದೆ ಇವರನ್ನೇ ಕೂರಿಸಿಕೊಂಡು ಹೆಣಿಗೆಯ ಕಡ್ಡಿ ಹಿಡಿಯುವುದನ್ನು ಕಲಿಸಿದರು. ಮೊದಲ ಟೋಪಿ ಸಿಹಿಗುಂಬಳಕ್ಕೆ ಹಾಕುವಷ್ಟು ದೊಡ್ಡದಾಯಿತು. ಎರಡನೆಯದು ಮಗಳು ಸುಕನ್ಯಾಳ ಮೊಣಕಾಲಿಗೂ ಏರಲಿಲ್ಲ. "ತಪ್ಪಾದ್ರೆ ಮುಂದೆ ಹೋಗ್ಬೇಡ, ಅಲ್ಲೇ ಬಿಚ್ಚು ಅಂತಿದ್ರು ಮೇಡಂ. ಬಿಚ್ಚಿದ್ದಕ್ಕೆ ಬೈತಿರಲಿಲ್ಲ. ತಪ್ಪು ಮುಚ್ಚಿಟ್ಟು ಮುಂದೆ ಹೋದ್ರೆ ಬೈತಿದ್ರು," ಎಂದು ನೆನೆಯುತ್ತಾರೆ ಮರಿಯಮ್ಮ.

ಕಂಪನಿ ಮುಚ್ಚಿತು. ಮೇಡಂ ಹೋದರು, ಕ್ವಾರ್ಟರ್ಸಿನ ಬಾಗಿಲುಗಳಿಗೆ ಬೀಗ ಬಿತ್ತು. ಗಂಡ ಹೆಂಡತಿ ಕೊಟ್ಟಿಗೆಹಾರಕ್ಕೆ ಬಂದು ಎಸ್ಟೇಟಿನ ಕೂಲಿಯವರ ಸಾಲುಮನೆಗಳ ಲೈನಿನಲ್ಲಿ ಒಂದು ಮನೆ ಹಿಡಿದರು. ಇಬ್ಬರೂ ತೋಟದ ಕೆಲಸಕ್ಕೆ ಹೋಗುತ್ತಿದ್ದರು. ಬಿಡುವಿನಲ್ಲಿ ಮರಿಯಮ್ಮ ಮಫ್ಲರು, ಟೋಪಿ, ಕಾಲುಚೀಲ ಹೆಣೆದರು. ಮೊದಮೊದಲು ಲೈನಿನವರಿಗೆ, ಆಮೇಲೆ ಜಯದೇವಪ್ಪನವರ ಜಗಲಿಯಲ್ಲಿ. ಹೊರನಾಡಿಗೆ ಹೋಗುವ ಯಾತ್ರಿಕರೂ ಗಾಡಿ ನಿಲ್ಲಿಸಿ ಕೊಳ್ಳುತ್ತಿದ್ದರು. ನೂಲಿನ ಕುಣಿಕೆ ಕಡ್ಡಿಯಿಂದ ಜಾರಿ ಬಿದ್ದರೆ ಹೇರ್‌ಪಿನ್ನಿನಿಂದ ಎತ್ತಿಕೊಳ್ಳುವುದು, ಸಾಲು ತಪ್ಪಿದರೆ ಪೂರ್ತಿ ಬಿಚ್ಚುವುದು, ಬಿಚ್ಚಿದ ನೂಲನ್ನು ಇಡ್ಲಿ ಪಾತ್ರೆಯ ಹಬೆಗೆ ಹಿಡಿದು ಸುಕ್ಕು ಬಿಡಿಸುವುದು, ಹೀಗೆ ತಪ್ಪಿಗೆಲ್ಲ ಮದ್ದು ಅವರ ಕೈಯಲ್ಲಿತ್ತು.

ಗುರುವಯ್ಯನಿಗೆ ಚಳಿಗಾಲ ಬಂತೆಂದರೆ ಕಿವಿನೋವು. ಗಾಳಿ ತಾಗಿದರೆ ಸಾಕು, ರಾತ್ರಿಯೆಲ್ಲ ನರಳಾಟ. ಆ ವರ್ಷ ಮರಿಯಮ್ಮ ಹಟ ಹಿಡಿದು ಕೂತರು. ದಪ್ಪ ಉಲ್ಲನ್, ಎರಡು ಪದರ, ನಡುವೆ ಫ್ಲಾನಲ್ ಬಟ್ಟೆ. ಕಿವಿಯ ಮೇಲೆ ಇನ್ನೊಂದು ಪದರ. ಹದಿನೇಳು ದಿನ ಹಿಡಿಯಿತು. "ನನ್ನ ಕೈಯಲ್ಲಿ ಅಷ್ಟು ಚೆಂದದ ಕೆಲ್ಸ ಹಿಂದೆ ಬಂದಿರ್ಲಿಲ್ಲ, ಮುಂದೂ ಬರ್ಲಿಲ್ಲ," ಎನ್ನುತ್ತಾರೆ. "ಒಂದು ಕುಣಿಕೆ ತಪ್ಪಿರ್ಲಿಲ್ಲ. ಒಂದೂ ಬಿಚ್ಚಿರ್ಲಿಲ್ಲ."

ಆಸ್ಪತ್ರೆಯಿಂದ ಬಟ್ಟೆಗಳ ಜೊತೆ ಟೋಪಿಯೂ ಪ್ಲಾಸ್ಟಿಕ್ ಕವರಿನಲ್ಲಿ ಮನೆಗೆ ಬಂತು. ಹರಿದಿರಲಿಲ್ಲ. ಹದಿಮೂರು ದಿನ ಕಳೆದ ಮೇಲೆ ಮರಿಯಮ್ಮ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಬಿಚ್ಚಲು ಕುಳಿತರು. ನೂಲಿನ ತುದಿ ಸಿಗಲಿಲ್ಲ. ಕಾಣದ ಹಾಗೆ ಒಳಗೆ ಹೊಲಿದು ಮುಚ್ಚಿದ್ದು ತಾವೇ. ಮಧ್ಯಾಹ್ನದಿಂದ ಸಂಜೆವರೆಗೆ ಹುಡುಕಿದರು. ಕತ್ತರಿ ಹಾಕಲು ಮನಸ್ಸು ಬರಲಿಲ್ಲ. ಟೋಪಿ ಈಗಲೂ ಟ್ರಂಕಿನ ತಳದಲ್ಲಿ ಇಡಿಯಾಗಿ ಇದೆ.

ಆಮೇಲೆ ಎರಡು ತಿಂಗಳು ಅವರು ಕಡ್ಡಿ ಮುಟ್ಟಲಿಲ್ಲ. ಊರಿನ ಅರ್ಧ ಗಂಡಸರ ತಲೆಯ ಮೇಲೆ ತಮ್ಮದೇ ಟೋಪಿ ಇದೆ ಎನ್ನುವುದು ಒಂದು ದಿನ ಇದ್ದಕ್ಕಿದ್ದಂತೆ ಹೊಳೆದು, ಮನೆಮನೆಗೂ ಹೋಗಿ ಟೋಪಿಗಳನ್ನು ವಾಪಸು ಕೇಳಿದರು. ಕೆಲವರು ಕೊಟ್ಟರು. ಕೆಲವರು, ಪಾಪ, ತಲೆ ಕೆಟ್ಟಿದೆ ಎಂದು ಕಾಫಿ ಕೊಟ್ಟು ಕಳಿಸಿದರು. ವಾಪಸು ಸಿಕ್ಕ ಇಪ್ಪತ್ತಮೂರು ಟೋಪಿಗಳ ಕಿವಿ ಬಿಚ್ಚಿ ಕಿಂಡಿ ಇಡಲು ಕುಳಿತಾಗ ಶುರುವಾಯಿತು ಇನ್ನೊಂದು ಸುತ್ತಿನ ತಪ್ಪು.

ಮೊದಲು ಬರೀ ತೂತು ಬಿಟ್ಟರು. ಗಾಳಿ ನುಗ್ಗಿ ಕಿವಿ ಮರಗಟ್ಟಿತು, ಜನ ಟೋಪಿಯನ್ನೇ ತಿರುಚಿ ಹಾಕಿಕೊಂಡರು. ಆಮೇಲೆ ಉಲ್ಲನ್ನಿನಲ್ಲೇ ಸಡಿಲ ಜಾಲರಿ ಹೆಣೆದರು. ಮನೆಯಲ್ಲಿ ಹಾಕಿ ನೋಡಿದರೆ ಎಲ್ಲ ಕೇಳಿಸಿತು. ಸುಬ್ಬಣ್ಣ ಒಂದು ಬೆಳಿಗ್ಗೆ ಹಾಕಿಕೊಂಡು ಹೋಗಿ ಬಂದು, "ಮರಿಯಕ್ಕ, ಇದು ಮಂಜು ಕುಡಿದು ಬಾಯಿ ಮುಚ್ಕೊಳ್ತದೆ," ಎಂದರು. ಒದ್ದೆಯಾದ ಉಲ್ಲನ್ ಉಬ್ಬಿ ಕಿಂಡಿಗಳೆಲ್ಲ ಕಟ್ಟಿಕೊಳ್ಳುತ್ತಿದ್ದವು. ಹತ್ತಿ ನೂಲು ತಂದರು. ಅದು ಜೋತು ಬಿದ್ದು ಕಿವಿಯಿಂದ ಕೆಳಗೆ ಇಳಿಯಿತು. ಹೀಗೆ ಒಂದೇ ಟೋಪಿಯ ಕಿವಿಯನ್ನು ಹನ್ನೊಂದು ಸಲ ಬಿಚ್ಚಿ ಹೆಣೆದ ಮೇಲೆ, ಹುರಿ ಮಾಡಿದ ಗಟ್ಟಿ ಹತ್ತಿ ನೂಲು, ಎರಡು ಕುಣಿಕೆಗೊಂದು ಕಿಂಡಿ ಎನ್ನುವ ಲೆಕ್ಕಕ್ಕೆ ಬಂದು ನಿಂತರು. ಪಡ್ಡೆಗಳು ಅದಕ್ಕೆ "ಮರಿಯಕ್ಕನ ಜರಡಿ" ಎಂದು ಹೆಸರಿಟ್ಟರು. ಮರಿಯಮ್ಮನೇ ಹೇಳುವ ಹಾಗೆ, "ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು."

ಒಂದು ಟೋಪಿಗೆ ತೊಂಬತ್ತಾರು ಕುಣಿಕೆ ಹಾಕಿ ಶುರು. ಬೆಳಿಗ್ಗೆ ಐದೂವರೆಗೆ ಬಂದು ಕೂತರೆ ಒಂಬತ್ತರವರೆಗೆ, ಮತ್ತೆ ಮಧ್ಯಾಹ್ನ ಎರಡು ತಾಸು. ಮೂರು ದಿನಕ್ಕೆ ಒಂದು ಟೋಪಿ. ಅದರಲ್ಲಿ ಒಂದು ದಿನ ಪೂರ್ತಿ ಕಿವಿಗಳಿಗೇ. ಬೆರಳಿನ ಗಂಟುಗಳು ಚಳಿಗೆ ಬಾತುಕೊಂಡಿವೆ. ಎಡಗಣ್ಣಿಗೆ ಪೊರೆ ಬಂದಿದೆ. ಬಿದ್ದ ಕುಣಿಕೆ ಈಗ ಕಣ್ಣಿಗೆ ಕಾಣುವುದಿಲ್ಲ, ಸಾಲಿನ ಮೇಲೆ ಉಗುರು ಎಳೆದು ಹುಡುಕುತ್ತಾರೆ. ಎರಡು ವರ್ಷದ ಹಿಂದೆ ಒಂದು ಚಳಿಗಾಲಕ್ಕೆ ನಲವತ್ತು ಟೋಪಿ ಹೋದವು. ಹೋದ ವರ್ಷ ಹತ್ತೊಂಬತ್ತು. ಈ ವರ್ಷ ಜನವರಿ ಅರ್ಧ ಕಳೆದರೂ ಯೋಗೇಶನದು ಆರನೆಯದು. ಬಾಗಿಲಿಗೆ ತೂಗುವ ಮಂಕಿ ಕ್ಯಾಪು ಅಗ್ಗ, ಬೆಚ್ಚಗಿದೆ, ಪರೀಕ್ಷೆಯೂ ಇಲ್ಲ. ಹೊರನಾಡಿನ ಲಾಡ್ಜೊಂದರಲ್ಲಿ ಕೆಲಸಕ್ಕಿರುವ ಸುಕನ್ಯಾ ಫೋನ್ ಮಾಡಿದಾಗಲೆಲ್ಲ, ಇದನ್ನು ಬಿಟ್ಟು ಬಾ ಎನ್ನುತ್ತಾಳೆ. ಮಾರಾಟಕ್ಕೆ ಕೂತ ಕೆಲಸವಾಗಿದ್ದರೆ ಮರಿಯಮ್ಮ ಎಂದೋ ಬಿಡುತ್ತಿದ್ದರು.

"ಟೋಪಿದು ಎಂತ ತಪ್ಪಿದೆ?" ಎಂದು ಸುಬ್ಬಣ್ಣ ಇವತ್ತೂ ಹೇಳುತ್ತಾರೆ. ಬಹುಶಃ ದಿನಾ ಹೇಳುತ್ತಾರೆ. "ಗುರುವಣ್ಣಂಗೆ ಮೊದ್ಲೇ ಕಿವಿ ಮಂದ. ಕಂಪನಿ ಮಿಷಿನ್ ಸದ್ದಲ್ಲಿ ಅಷ್ಟು ವರ್ಷ ಇದ್ದವ. ಬರೀ ತಲೇಲಿ ಇದ್ದಿದ್ರೂ ಅವಂಗೆ ಕೇಳ್ತಿರ್ಲಿಲ್ಲ." ಲೈನಿನವರೂ ಹೀಗೇ ಹೇಳುತ್ತಾರೆ. ಐದು ವರ್ಷದಲ್ಲಿ ಊರೆಲ್ಲ ಸೇರಿ ಈ ಒಂದು ಸಮಾಧಾನವನ್ನು ಮರಿಯಮ್ಮನಿಗಾಗಿ ಕಟ್ಟಿ ಕೊಟ್ಟಿದೆ. ಅವರು ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ಸುಬ್ಬಣ್ಣ ಲೋಟ ಕೊಡಲು ಎದ್ದು ಹೋದ ಮೇಲೆ, ಕಡ್ಡಿ ನಿಲ್ಲಿಸದೆ, ಪತ್ರಿಕೆಗೆ ಬರೆಯಲು ಬಂದು ಪಕ್ಕದಲ್ಲಿ ಕೂತ ನನಗೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ.

"ಅವರಿಗೆ ಕಿವಿ ಚೆನ್ನಾಗೇ ಕೇಳ್ತಿತ್ತು. ಅವತ್ತು ಬೆಳಿಗ್ಗೆ ಜಗಲೀಲಿ ಕೂತು ಕಾಫಿ ಕುಡೀತಿದ್ರು. ನಾನು ಒಲೆ ಹತ್ರದಿಂದ ಬೆಲ್ಲ ಸಾಕಾ ಅಂದೆ, ಮೆಲ್ಲಗೇ ಅಂದೆ. ಸಾಕು ಅಂದ್ರು. ಆಮೇಲೆ ಟೋಪಿ ಹಾಕ್ಕೊಂಡು ಹೊರಟ್ರು. ಎಲೆಅಡಿಕೆ ಚೀಲ ಮರ್ತಿದ್ರು. ಇಲ್ಲಿ ಕೇಳಿ ಅಂತ ಕರ್ದೆ. ತಿರುಗ್ಲಿಲ್ಲ. ಮತ್ತೆ ಕರ್ದೆ. ತಿರುಗ್ಲಿಲ್ಲ."

ಕಡ್ಡಿ ನಿಲ್ಲುತ್ತದೆ.

"ನಂಗೆ ಖುಷಿ ಆಯ್ತು. ಮಾತೇ ಒಳಗೆ ಹೋಗ್ದಿದ್ದು ಗಾಳಿ ಎಲ್ಲಿ ಹೋಗ್ತದೆ, ಟೋಪಿ ಚೆನ್ನಾಗಿ ಬಂದಿದೆ ಅಂದ್ಕೊಂಡೆ. ಓಡಿ ಹೋಗಿ ಚೀಲ ಕೊಡ್ಬಹುದಿತ್ತು. ಸಂಜೆ ಬರ್ತಾರಲ್ಲ ಅಂತ ನಗಾಡ್ಕೊಂಡು ಒಳಗೆ ಹೋದೆ."

ಇದನ್ನು ಅವರು ಮಗಳಿಗೂ ಹೇಳಿಲ್ಲ, ಸುಬ್ಬಣ್ಣನಿಗೂ ಹೇಳಿಲ್ಲ. ಪತ್ರಿಕೆಯಲ್ಲಿ ಬರೆಯಬಹುದೇ ಎಂದು ಕೇಳಿದರೆ ನಿಂತ ಕಡ್ಡಿಯನ್ನು ಮತ್ತೆ ಎತ್ತಿಕೊಳ್ಳುತ್ತಾರೆ. ಐದು ವರ್ಷ ಒಳಗೇ ಇಟ್ಟುಕೊಂಡದ್ದನ್ನು ಹೊರಗೆ ಹಾಕಿದ ಹಗುರವೇನೂ ಆ ಮುಖದಲ್ಲಿ ಇಲ್ಲ. "ಬರೀರಿ. ನನ್ನ ಫೋಟೋ ಎಲ್ಲ ಬೇಡ. ಒಂದು ಮಾತು ಹಾಕಿ. ಮನೆಯವರಿಗೆ ಟೋಪಿ ಹಾಕಿ ಕಳಿಸೋ ಹೆಂಗಸರು ಒಂದ್ಸಲ ಹಿಂದಿನಿಂದ ಕರೆದು ನೋಡ್ಲಿ. ತಿರುಗ್ಲಿಲ್ಲ ಅಂದ್ರೆ ಓಡಿ ಹೋಗಿ ಟೋಪಿ ಕಿತ್ಕೊಳ್ಲಿ. ಅಷ್ಟೇ ನನ್ನ ಆಸೆ. ನನ್ನ ಟೋಪಿನೇ ತಗೋಬೇಕು ಅಂತಿಲ್ಲ."

ಏಳು ಗಂಟೆ. ಹೋಟೆಲಿನಿಂದ ಯೋಗೇಶ್ ಹೊರಗೆ ಬರುತ್ತಾನೆ. ಜೊತೆಯವರು ಆಗಲೇ ಮುಂದೆ ಹೋಗಿದ್ದಾರೆ. ಮರಿಯಮ್ಮನತ್ತ ಕೈ ಎತ್ತಿ, ಎಸ್ಟೇಟಿಗೆ ಹೋಗುವ ಮಣ್ಣುದಾರಿಗೆ ಇಳಿಯುತ್ತಾನೆ. ಹಸಿರು ಟೋಪಿ, ಎರಡು ಬಿಳಿ ಕಿವಿ. ಇಪ್ಪತ್ತು ಹೆಜ್ಜೆ, ಮೂವತ್ತು ಹೆಜ್ಜೆ.

"ಯೋಗೇಶಾ," ಎನ್ನುತ್ತಾರೆ ಮರಿಯಮ್ಮ, ಅಡುಗೆಮನೆಯ ದನಿಯಲ್ಲಿ.

ಅವನು ತಿರುಗುವುದಿಲ್ಲ.

"ಯೋಗೇಶಾ."

ನಡೆಯುತ್ತಲೇ ಇದ್ದಾನೆ. ಹೆಜ್ಜೆಗೊಂದು ತಾಳದಂತೆ ತಲೆ ಸಣ್ಣಗೆ ಅಲ್ಲಾಡುತ್ತಿದೆ. ರಸ್ತೆಯ ಬದಿ ಮಂಜು ತುಸು ತೆಳುವಾಗಿದೆ; ಟೋಪಿಯ ಅಂಚಿನಿಂದ ಇಳಿದ ಕಪ್ಪು ವೈರು ಪ್ಯಾಂಟಿನ ಹಿಂಜೇಬಿಗೆ ಹೋಗಿರುವುದು ಜಗಲಿಯಿಂದಲೇ ಕಾಣುತ್ತದೆ. ಮರಿಯಮ್ಮ ತೊಡೆಯ ಮೇಲಿನ ಹೆಣಿಗೆಯನ್ನು ಸ್ಟೂಲಿನ ಮೇಲೆ ಹಾಕಿ ರಸ್ತೆಗೆ ಇಳಿಯುತ್ತಾರೆ. ಮೊಣಕಾಲು ಎಳೆದುಕೊಂಡೇ ಬಿರಬಿರನೆ ನಡೆಯುತ್ತಾರೆ. ಆಮೇಲೆ ಓಡುತ್ತಾರೆ. ಮಣ್ಣುದಾರಿ ಶುರುವಾಗುವಲ್ಲಿ ನಿಂತು, ಐದು ವರ್ಷದಲ್ಲಿ ಯಾರನ್ನೂ ಕೂಗದವರು, ಕೊರಳು ಹರಿಯುವ ಹಾಗೆ ಕೂಗುತ್ತಾರೆ. ಹೋಟೆಲಿನವರು, ಲಾರಿಯವರು, ಎಲ್ಲರೂ ತಿರುಗಿ ನೋಡುತ್ತಾರೆ. ಯೋಗೇಶ್ ಒಬ್ಬನನ್ನು ಬಿಟ್ಟು. ಅವನ ಬೆನ್ನು ಮಂಜಿನೊಳಗೆ ಹೋಗುತ್ತದೆ.

ಸುಬ್ಬಣ್ಣ ಎದ್ದು ನಿಂತವರು ನಿಂತೇ ಇದ್ದಾರೆ. ಜಯದೇವಪ್ಪ ಕೆಳಗೆ ಬಂದು, ಮರಿಯಮ್ಮನ ಕೈ ಹಿಡಿದು ಜಗಲಿಗೆ ಕರೆತರುತ್ತಾರೆ. "ಹಾಡು ಕೇಳ್ತಿದಾನೆ ಅಕ್ಕ, ಅಷ್ಟೇ. ವೈರು ಹಾಕ್ಕೊಂಡಿದಾನೆ. ನಿಮ್ಮ ಟೋಪಿದು ಎಂತ ತಪ್ಪಿದೆ?"

ಮರಿಯಮ್ಮ ಸ್ಟೂಲಿಗೆ ಮರಳುತ್ತಾರೆ. ಆಮೇಲೆ, ಎರಡು ದಿನದಿಂದ ಹೆಣೆಯುತ್ತಿದ್ದ ಮುಂದಿನ ಟೋಪಿಯನ್ನು ಕೈಗೆ ತೆಗೆದುಕೊಂಡು, ಮುಗಿದಿದ್ದ ಎಡಗಿವಿಯ ನೂಲಿನ ತುದಿ ಹುಡುಕಿ, ಬಿಚ್ಚಲು ತೊಡಗುತ್ತಾರೆ.

"ಕಿಂಡಿ ಸಣ್ಣದಾಯ್ತು," ಎನ್ನುತ್ತಾರೆ. "ಇನ್ನೊಂದು ಸ್ವಲ್ಪ ದೊಡ್ಡದು ಬಿಡ್ಬೇಕಿತ್ತು."